ಹಳೆಯ ಮಾರುತಿ 800: ಗೇರಿನ ಕರ್ಕಶ ಸದ್ದಿಗೂ ಎಂಜಿನ್ನಿನ ತಡವರಿಕೆಗೂ ಕಾರಣ ಹುಡುಕುವ ಬಗೆ

ಗೇರ್ ಬದಲಿಸುವಾಗ ಹಲ್ಲು ಕಡಿದಂತಹ ಸದ್ದು ಬರುವುದು ಮತ್ತು ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಒಂದು ಕ್ಷಣ ತಡವರಿಸಿ ಆಮೇಲೆ ಎಳೆಯುವುದು, ಇವೆರಡೂ ಹಳೆಯ ಕಾರುಗಳಲ್ಲಿ ಅತಿ ಹೆಚ್ಚು ಕೇಳಿಬರುವ ದೂರುಗಳು. ಮೊದಲನೆಯದಕ್ಕೆ ಗೇರ್ ಬಾಕ್ಸ್ ಇಳಿಸಬೇಕೆಂದೂ, ಎರಡನೆಯದಕ್ಕೆ ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಭಾಗ) ಬದಲಿಸಬೇಕೆಂದೂ ಹೇಳುವ ಗ್ಯಾರೇಜುಗಳಿಗೆ ಕೊರತೆಯಿಲ್ಲ. ಕೆಲವೊಮ್ಮೆ ಆ ಮಾತು ನಿಜವೇ ಆಗಿರುತ್ತದೆ. ಆದರೆ ಸದ್ದು ಯಾವ ಸಂದರ್ಭದಲ್ಲಿ ಬರುತ್ತದೆ, ತಡವರಿಕೆ ಯಾವ ಸ್ಥಿತಿಯಲ್ಲಿ ಕಾಣಿಸುತ್ತದೆ ಎಂಬುದನ್ನು ಮೊದಲು ಬೇರ್ಪಡಿಸಿ ನೋಡಿದರೆ, ಅನೇಕ ಸಲ ದೋಷವು ಒಂದು ಕೇಬಲ್ಲಿನಲ್ಲೋ, ಬಿರುಕುಬಿಟ್ಟ ರಬ್ಬರ್ ಕೊಳವೆಯಲ್ಲೋ, ಸವೆದ ಬುಷ್ಷಿನಲ್ಲೋ (ಕೀಲುಗಳಲ್ಲಿ ಕೂರಿಸುವ ಸಣ್ಣ ಬಳೆ) ಇರುವುದು ಗೊತ್ತಾಗುತ್ತದೆ.

ಇಲ್ಲಿ ಉದಾಹರಣೆಗೆ ಮಾರುತಿ 800 ಅನ್ನು ತೆಗೆದುಕೊಂಡಿದ್ದೇನೆ. 1983ರ ಡಿಸೆಂಬರಿನಲ್ಲಿ ಮೊದಲ ಗ್ರಾಹಕರ ಕೈಸೇರಿದ ಈ ಕಾರಿನ ಮಾರಾಟ 2010ರಲ್ಲಿ ಹೊಗೆ ನಿಯಮ ಬಿಗಿಯಾದಾಗ ಬೆಂಗಳೂರಿನಲ್ಲಿ ನಿಂತಿತು. 2014ರ ಜನವರಿಯಲ್ಲಿ ಉತ್ಪಾದನೆಯೇ ಕೊನೆಗೊಂಡಿತು. ಆದರೂ ಮಲೆನಾಡಿನ ತೋಟದ ಮನೆಗಳಲ್ಲಿ, ಸಣ್ಣ ಊರುಗಳ ಬೀದಿಗಳಲ್ಲಿ ಇದು ಇಂದಿಗೂ ದಿನನಿತ್ಯದ ವಾಹನ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಮುಂದಿನ ಚಕ್ರಗಳಿಗೆ ಶಕ್ತಿ ಕೊಡುವ ಗೇರ್ ಬಾಕ್ಸ್, ಕೇಬಲ್ಲಿನಿಂದ ಕೆಲಸಮಾಡುವ ಕ್ಲಚ್, ಇಷ್ಟೇ ಇದರ ರಚನೆಯಾದ್ದರಿಂದ ದೋಷ ಹುಡುಕುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಕಾರು ಸಿಗುವುದು ಕಷ್ಟ. ಅದೇ ಕಾಲದ ಬೇರೆ ಕಾರುಗಳಿಗೂ ಈ ಕ್ರಮ ಬಹುಮಟ್ಟಿಗೆ ಹೊಂದುತ್ತದೆ. ಕ್ಲಚ್ ಹೈಡ್ರಾಲಿಕ್ ಆಗಿರುವಲ್ಲಿ ಕೇಬಲ್ಲಿನ ಬದಲು ಮಾಸ್ಟರ್ ಸಿಲಿಂಡರ್, ಸ್ಲೇವ್ ಸಿಲಿಂಡರ್ ಮತ್ತು ಆಯಿಲ್ ಸೋರಿಕೆಯನ್ನು ನೋಡಬೇಕು.

ಕೆಲಸ ಆರಂಭಿಸುವ ಮುನ್ನ ಕಾರನ್ನು ಸಮತಟ್ಟಾದ, ಗಾಳಿಯಾಡುವ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಡಬೇಕು. ಕೇವಲ ಜಾಕಿನ ಮೇಲೆ ನಿಂತ ಕಾರಿನಡಿ ಯಾವ ಕಾರಣಕ್ಕೂ ತೂರಬಾರದು. ಪೆಟ್ರೋಲ್ ಕೊಳವೆ ಬಿಚ್ಚುವ ಕೆಲಸವನ್ನು ಎಂಜಿನ್ ತಣ್ಣಗಿರುವಾಗ, ಬ್ಯಾಟರಿಯ ನೆಗೆಟಿವ್ ತಂತಿ ತೆಗೆದ ಮೇಲೆಯೇ ಮಾಡಬೇಕು.

ಮೊದಲು ಕ್ಲಚ್, ಆಮೇಲೆ ಗೇರ್ ಬಾಕ್ಸ್

ಎಂಜಿನ್ ನಿಲ್ಲಿಸಿ, ಕ್ಲಚ್ ಒತ್ತಿ, ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿ ನೋಡಿ. ಒಂದೆರಡು ಗೇರ್ ಕೂರದಿದ್ದರೆ ಕಾರನ್ನು ಸ್ವಲ್ಪ ತಳ್ಳಿ ಮತ್ತೆ ಪ್ರಯತ್ನಿಸಬೇಕು, ಏಕೆಂದರೆ ಹಲ್ಲಿಗೆ ಹಲ್ಲು ಎದುರಾಗಿ ನಿಂತಿರಬಹುದು. ಎಂಜಿನ್ ನಿಂತಿರುವಾಗ ಎಲ್ಲ ಗೇರುಗಳೂ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮಾತ್ರ ಒರಟಾಗುತ್ತಿದ್ದರೆ, ಸಂಶಯ ಕ್ಲಚ್ಚಿನ ಕಡೆಗೆ ತಿರುಗುತ್ತದೆ. ಎಂಜಿನ್ ನಿಂತಿರುವಾಗಲೂ ಲಿವರ್ ಬಿಗಿಯಾಗಿದ್ದರೆ ಅಥವಾ ಗೇರ್ ಎಲ್ಲಿದೆಯೆಂದು ತಡಕಾಡಬೇಕಾದರೆ, ಲಿವರಿನಿಂದ ಗೇರ್ ಬಾಕ್ಸಿಗೆ ಹೋಗುವ ರಾಡ್ ಮತ್ತು ಅದರ ಬುಷ್‌ಗಳನ್ನು ನೋಡಬೇಕು. ಬುಷ್ ಸವೆದಾಗ ಲಿವರ್ ಪೂರ್ತಿ ಚಲಿಸಿದಂತೆ ಕಂಡರೂ ಗೇರನ್ನು ಸರಿಸುವ ಒಳಗಿನ ಫೋರ್ಕ್ ಅರ್ಧಕ್ಕೇ ನಿಲ್ಲುತ್ತದೆ. ಗೇರ್ ಅರ್ಧ ಕೂತು ಸದ್ದು ಮಾಡುತ್ತದೆ, ಇಲ್ಲವೇ ಓಡುತ್ತಿರುವಾಗ ತಾನಾಗಿ ನ್ಯೂಟ್ರಲ್ಲಿಗೆ ಜಾರುತ್ತದೆ.

ಎರಡನೆಯ ಪರೀಕ್ಷೆಗೆ ರಿವರ್ಸ್ ಗೇರ್ ಬೇಕು. ಈ ಕಾಲದ ಬಹುತೇಕ ಕಾರುಗಳಂತೆ ಮಾರುತಿ 800ರಲ್ಲೂ ಮುಂದಕ್ಕೆ ಓಡಿಸುವ ಗೇರುಗಳಿಗೆ ಸಿಂಕ್ರೋ ರಿಂಗ್ (ಗೇರ್ ಕೂರುವ ಮೊದಲು ಶಾಫ್ಟಿನ ಮತ್ತು ಗೇರಿನ ವೇಗವನ್ನು ಹೊಂದಿಸುವ ಬಳೆ) ಇದೆ, ರಿವರ್ಸಿಗೆ ಇಲ್ಲ. ಆದ್ದರಿಂದ ಕ್ಲಚ್ ಒತ್ತಿದ ತಕ್ಷಣವೇ ರಿವರ್ಸ್ ಎಳೆದರೆ ಗರ್ರೆನ್ನುವುದು ದೋಷವಲ್ಲ. ಒಳಗಿನ ಶಾಫ್ಟ್ ಇನ್ನೂ ಸುತ್ತುತ್ತಿರುತ್ತದೆ, ಅಷ್ಟೆ. ಎಂಜಿನ್ ಬಿಸಿಯಾದ ಮೇಲೆ ಆಕ್ಸಿಲರೇಟರ್ ಒತ್ತದೆ ಐಡ್ಲಿಂಗಿನಲ್ಲಿ ಬಿಟ್ಟು, ಕ್ಲಚ್ ಪೂರ್ತಿ ಒತ್ತಿ, ಐದಾರು ಸೆಕೆಂಡ್ ತಡೆದು ರಿವರ್ಸ್ ಹಾಕಿ. ಆಗ ಸದ್ದಿಲ್ಲದೆ ಬಿದ್ದರೆ ಕ್ಲಚ್ ಸರಿಯಾಗಿ ಬಿಡುತ್ತಿದೆ. ಅಷ್ಟು ಹೊತ್ತು ಕಾದ ಮೇಲೂ ಸದ್ದು ಬಂದರೆ, ಕ್ಲಚ್ ಪ್ಲೇಟ್ ಎಂಜಿನ್ನಿಗೆ ಸೇರಿದ ಫ್ಲೈವೀಲ್ ಚಕ್ರದಿಂದ ಪೂರ್ತಿ ಬೇರ್ಪಡದೆ ಶಾಫ್ಟನ್ನು ತಿರುಗಿಸುತ್ತಲೇ ಇದೆ ಎಂದರ್ಥ. ನನ್ನ ಅಭಿಪ್ರಾಯದಲ್ಲಿ ಗೇರ್ ಬಾಕ್ಸ್ ಬಿಚ್ಚಲು ಒಪ್ಪುವ ಮುನ್ನ ಪ್ರತಿಯೊಬ್ಬ ಮಾಲೀಕರೂ ಈ ಒಂದು ಪರೀಕ್ಷೆಯನ್ನಾದರೂ ಮಾಡಲೇಬೇಕು.

ಕ್ಲಚ್ ಬಿಡದಿರಲು ಅತಿ ಸಾಮಾನ್ಯ ಕಾರಣ ಕೇಬಲ್. ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಿದಾಗ ಬಿಗಿ ಸಿಗುವ ಮೊದಲು ಅದು ಎಷ್ಟು ದೂರ ಸುಮ್ಮನೆ ಚಲಿಸುತ್ತದೆ ಎಂಬುದನ್ನು ಅಳತೆಪಟ್ಟಿಯಿಂದ ನೋಡಿ. ಈ ಫ್ರೀ ಪ್ಲೇ ಸುಮಾರು 20 ಮಿಲಿಮೀಟರ್ ಆಸುಪಾಸಿನಲ್ಲಿರಬೇಕು; ನಿಖರವಾದ ಅಳತೆಗೆ ಕಾರಿನ ಕೈಪಿಡಿಯನ್ನೇ ನಂಬಬೇಕು. ಅದಕ್ಕಿಂತ ಬಹಳ ಹೆಚ್ಚಿದ್ದರೆ ಕೇಬಲ್ ಹಿಗ್ಗಿದೆ ಅಥವಾ ಸಡಿಲವಾಗಿದೆ. ಗೇರ್ ಬಾಕ್ಸಿನ ಬಳಿ ಕೇಬಲ್ಲಿನ ತುದಿಯಲ್ಲಿರುವ ನಟ್ಟನ್ನು ಸ್ವಲ್ಪಸ್ವಲ್ಪವೇ ಬಿಗಿಮಾಡಿ ಮತ್ತೆ ಅಳೆಯಬೇಕು. ಸದ್ದು ನಿಲ್ಲಲೆಂದು ಫ್ರೀ ಪ್ಲೇಯನ್ನು ಪೂರ್ತಿ ತೆಗೆದುಬಿಡುವುದು ತಪ್ಪು. ಹಾಗೆ ಮಾಡಿದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಸದಾ ಒತ್ತಿಕೊಂಡಿರುತ್ತದೆ, ಕ್ಲಚ್ ಜಾರಲು ತೊಡಗುತ್ತದೆ, ಕೆಲವೇ ತಿಂಗಳಲ್ಲಿ ಪ್ಲೇಟ್ ಸುಟ್ಟುಹೋಗಬಹುದು. ಕೇಬಲ್ಲಿನ ಒಳತಂತಿಯ ಎಳೆಗಳು ತುಂಡಾಗಿದ್ದರೆ ಹೊಂದಾಣಿಕೆಗೆ ಸಮಯ ಕಳೆಯದೆ ಹೊಸದನ್ನೇ ಹಾಕಬೇಕು. ಒಬ್ಬರು ಪೆಡಲ್ ಒತ್ತುವಾಗ ಇನ್ನೊಬ್ಬರು ಬಾನೆಟ್ ತೆರೆದು, ಕೇಬಲ್ ಹಾದುಬರುವ ಜಾಗದ ತಗಡು ಬಾಗುತ್ತಿದೆಯೇ ಎಂದು ನೋಡುವುದು ಒಳ್ಳೆಯದು. ತುಕ್ಕು ಹಿಡಿದ ಕಾರುಗಳಲ್ಲಿ ಪೆಡಲಿನ ಚಲನೆಯ ಒಂದಂಶ ಅಲ್ಲೇ ವ್ಯರ್ಥವಾಗುತ್ತದೆ.

ಕರಾವಳಿ ಮತ್ತು ಮಲೆನಾಡಿನವರಿಗೆ ಇನ್ನೊಂದು ಕಾರಣವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲಿ ನಿಂತೇ ಇದ್ದ ಕಾರಿನ ಫ್ಲೈವೀಲ್ ಮೇಲ್ಮೈ ತುಕ್ಕು ಹಿಡಿದು, ಕ್ಲಚ್ ಪ್ಲೇಟ್ ಅದಕ್ಕೆ ಅಂಟಿಕೊಳ್ಳುತ್ತದೆ. ಮಳೆಗಾಲಕ್ಕೆ ಮುನ್ನ ಚೆನ್ನಾಗಿದ್ದ ಗೇರ್ ಮಳೆ ನಿಂತ ಮೇಲೆ ಇದ್ದಕ್ಕಿದ್ದಂತೆ ಒಂದೂ ಬೀಳದಿದ್ದರೆ ಮೊದಲು ನೆನೆಯಬೇಕಾದ್ದು ಇದನ್ನೇ. ಈ ಸ್ಥಿತಿಯಲ್ಲಿ ಗೇರಿನಲ್ಲಿಟ್ಟು ಸ್ಟಾರ್ಟ್ ಮಾಡಿದರೆ ಕ್ಲಚ್ ಒತ್ತಿದ್ದರೂ ಕಾರು ಮುಂದಕ್ಕೆ ನುಗ್ಗುತ್ತದೆ, ಆದ್ದರಿಂದ ಎದುರಿಗೆ ಗೋಡೆಯೋ ಜನರೋ ಇರುವಾಗ ಅಂತಹ ಪ್ರಯತ್ನ ಬೇಡ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕಾರನ್ನು ತುಸು ಓಡಿಸುವುದೇ ಇದಕ್ಕೆ ತಡೆ.

ಕ್ಲಚ್ ಸರಿಯಿದೆ ಎಂದು ಖಚಿತವಾದ ಮೇಲೆ ಸದ್ದು ಯಾವ ಗೇರಿನಲ್ಲಿ ಎಂದು ನೋಡಬೇಕು. ಎಲ್ಲ ಗೇರುಗಳೂ ಒರಟಾಗಿದ್ದರೆ ಗೇರ್ ಆಯಿಲ್ ಕಡಿಮೆಯಾಗಿರಬಹುದು ಅಥವಾ ತಪ್ಪು ದರ್ಜೆಯದಾಗಿರಬಹುದು. ಒಂದೇ ಗೇರಿನಲ್ಲಿ, ಅದರಲ್ಲೂ ಮೂರರಿಂದ ಎರಡಕ್ಕೆ ಇಳಿಸುವಾಗ ಮಾತ್ರ ಸದ್ದು ಬಂದರೆ, ಆ ಗೇರಿನ ಸಿಂಕ್ರೋ ರಿಂಗ್ ಸವೆದಿರುವ ಸಂಭವ ಹೆಚ್ಚು. ಇದನ್ನು ಡಬಲ್ ಕ್ಲಚ್ ಮಾಡಿ ದೃಢಪಡಿಸಿಕೊಳ್ಳಬಹುದು: ಖಾಲಿ ರಸ್ತೆಯಲ್ಲಿ ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು, ಆಕ್ಸಿಲರೇಟರನ್ನು ಕ್ಷಣಕಾಲ ಒತ್ತಿ ಎಂಜಿನ್ ವೇಗ ಏರಿಸಿ, ಮತ್ತೆ ಕ್ಲಚ್ ಒತ್ತಿ ಎರಡನೆಯ ಗೇರ್ ಹಾಕಬೇಕು. ಶಾಫ್ಟಿನ ವೇಗವನ್ನು ಗೇರಿನ ವೇಗಕ್ಕೆ ಹೊಂದಿಸುವ ಸಿಂಕ್ರೋದ ಕೆಲಸವನ್ನು ಇಲ್ಲಿ ಚಾಲಕನೇ ಮಾಡಿಕೊಡುತ್ತಾನೆ. ಹೀಗೆ ಮಾಡಿದಾಗ ಸದ್ದಿಲ್ಲದೆ ಗೇರ್ ಬಿದ್ದರೆ ದೋಷ ಸಿಂಕ್ರೋದ್ದೇ, ಮತ್ತು ಅದಕ್ಕೆ ಗೇರ್ ಬಾಕ್ಸ್ ಬಿಚ್ಚುವುದನ್ನು ಬಿಟ್ಟು ಬೇರೆ ಮದ್ದಿಲ್ಲ. ಬಿಚ್ಚುವುದನ್ನು ಮುಂದೂಡುವವರು ಇದೇ ಕ್ರಮದಲ್ಲಿ ಓಡಿಸಿದರೆ ಹೆಚ್ಚಿನ ಹಾನಿ ತಪ್ಪುತ್ತದೆ.

ಆಯಿಲ್ ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕು. ಹಳೆಯ ಗೇರ್ ಬಾಕ್ಸುಗಳ ಸಿಂಕ್ರೋ ರಿಂಗುಗಳು ಹಿತ್ತಾಳೆ ಜಾತಿಯ ಲೋಹದವು. ಡಿಫರೆನ್ಷಿಯಲ್ಲಿನ ಭಾರೀ ಒತ್ತಡಕ್ಕೆಂದು ತಯಾರಾದ ಜಿಎಲ್-5 ದರ್ಜೆಯ ಆಯಿಲ್‌ಗಳಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳು ಹೆಚ್ಚಿರುತ್ತವೆ. ಅವು ಹಿತ್ತಾಳೆಗೆ ಒಗ್ಗದಿರುವುದಲ್ಲದೆ, ರಿಂಗ್ ಹಿಡಿಯಬೇಕಾದ ಘರ್ಷಣೆಯನ್ನೂ ಕಡಿಮೆ ಮಾಡಬಹುದು. ಆದ್ದರಿಂದ ‘ಎರಡೂ ಒಂದೇ’ ಎಂದು ಅಂಗಡಿಯವರು ಹೇಳಿದರೂ, ಕೈಪಿಡಿಯಲ್ಲಿ ಸೂಚಿಸಿದ ಜಿಎಲ್-4 ದರ್ಜೆಯ ಆಯಿಲನ್ನೇ ಕೇಳಿ ಪಡೆಯಬೇಕು. ಬದಲಿಸುವಾಗ ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚುವ ಮೊದಲು ಬದಿಯ ಫಿಲ್ಲರ್ ಬೋಲ್ಟ್ ಸಡಿಲವಾಗುತ್ತದೆಯೇ ಎಂದು ಪರೀಕ್ಷಿಸಿ. ಆಯಿಲ್ ಎಲ್ಲ ಸುರಿದುಹೋದ ಮೇಲೆ ಫಿಲ್ಲರ್ ಬಿಚ್ಚಲು ಬಾರದಿದ್ದರೆ ಕಾರು ಅಲ್ಲೇ ನಿಲ್ಲುತ್ತದೆ. ಹೊರಬಂದ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಸವರಿ ಬಿಸಿಲಿಗೆ ಹಿಡಿದು ನೋಡಿ. ಅಯಸ್ಕಾಂತಕ್ಕೆ ಅಂಟದ ಹಳದಿ ಮಿನುಗು ಸಿಂಕ್ರೋ ಸವೆತದ ಗುರುತು. ಅಯಸ್ಕಾಂತಕ್ಕೆ ಅಂಟುವ ನುಣ್ಣನೆಯ ಬೂದುಬಣ್ಣದ ಲೇಪ ಸಹಜ, ಆದರೆ ಬೆರಳಿಗೆ ಚುಚ್ಚುವ ಉಕ್ಕಿನ ಚೂರು ಸಿಕ್ಕಿದರೆ ಹಲ್ಲು ಅಥವಾ ಬೇರಿಂಗ್ ಒಡೆದಿದೆ, ಆ ಕಾರನ್ನು ಮತ್ತೆ ಓಡಿಸಬಾರದು. ಆಯಿಲ್ ಕಡಿಮೆಯಾಗಿದ್ದರೆ ಎಲ್ಲಿ ಹೋಯಿತೆಂದೂ ನೋಡಬೇಕು. ಸಾಮಾನ್ಯವಾಗಿ ಮುಂದಿನ ಆಕ್ಸಲ್ ಗೇರ್ ಬಾಕ್ಸಿಗೆ ಸೇರುವ ಜಾಗದ ಸೀಲ್ ಸೋರುತ್ತಿರುತ್ತದೆ.

ಗೇರಿನದೆಂದು ತಪ್ಪಾಗಿ ತಿಳಿಯುವ ಸದ್ದುಗಳೂ ಇವೆ. ನ್ಯೂಟ್ರಲ್ಲಿನಲ್ಲಿ ಕೇಳಿ, ಕ್ಲಚ್ ಒತ್ತಿದೊಡನೆ ಮಾಯವಾಗುವ ಗುಂಯ್ ಎಂಬ ಸದ್ದು ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟಿನ (ಕ್ಲಚ್ಚಿನಿಂದ ತಿರುಗುವ ಶಾಫ್ಟಿನ) ಬೇರಿಂಗಿನದು. ಕ್ಲಚ್ ಒತ್ತಿದಾಗ ಮಾತ್ರ ಬರುವುದು ರಿಲೀಸ್ ಬೇರಿಂಗಿನದು. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಮೆಲ್ಲಗೆ ಓಡಿಸುವಾಗ ಬರುವ ಕಟಕಟ ಸದ್ದು ಆಕ್ಸಲ್ ಜಾಯಿಂಟಿನದು.

ಎರಡು ದೂರುಗಳ ನಡುವಿನ ನಂಟು

ಐಡ್ಲಿಂಗ್ ವೇಗ ಹೆಚ್ಚಾಗಿದ್ದರೆ ಸರಿಯಾದ ಗೇರ್ ಬಾಕ್ಸ್ ಕೂಡ ಸದ್ದು ಮಾಡುತ್ತದೆ. ಬಿಸಿಯಾದ ಎಂಜಿನ್ ನಿಮಿಷಕ್ಕೆ ಸುಮಾರು 800ರಿಂದ 1000 ಸುತ್ತಿನಲ್ಲಿ ನಿಲ್ಲಬೇಕು. ಚೋಕ್ ಪೂರ್ತಿ ಹಿಂದಕ್ಕೆ ಹೋಗದಿದ್ದರೆ, ಆಕ್ಸಿಲರೇಟರ್ ಕೇಬಲ್ ಸಿಕ್ಕಿಕೊಂಡಿದ್ದರೆ ಅಥವಾ ಕಾರ್ಬುರೇಟರಿನ ಕೆಳಗಿನ ಗ್ಯಾಸ್ಕೆಟ್ಟಿನಿಂದ ಗಾಳಿ ಒಳನುಗ್ಗುತ್ತಿದ್ದರೆ ಈ ವೇಗ ಏರುಪೇರಾಗುತ್ತದೆ. ಅದೇ ಗಾಳಿ ಸೋರಿಕೆ ಆಕ್ಸಿಲರೇಟರ್ ಒತ್ತಿದಾಗ ತಡವರಿಕೆಯನ್ನೂ ತರುತ್ತದೆ. ಎಂಜಿನ್ ಮೌಂಟಿಂಗ್ ರಬ್ಬರ್ ಹರಿದಿದ್ದರೂ ಹೀಗೆಯೇ ಎರಡೂ ಲಕ್ಷಣಗಳು ಒಟ್ಟಿಗೆ ಬರುತ್ತವೆ: ಶಕ್ತಿ ಕೊಟ್ಟಾಗ ಎಂಜಿನ್ ವಾಲುತ್ತದೆ, ಅದರೊಡನೆ ಗೇರ್ ರಾಡ್ ಜಾಗ ತಪ್ಪುತ್ತದೆ, ಕಾರು ಜರ್ಕ್ ಹೊಡೆಯುತ್ತದೆ.

ಇನ್ನೊಂದು ಗೊಂದಲವನ್ನು ಇಲ್ಲೇ ಬಿಡಿಸಿಕೊಳ್ಳಬೇಕು. ಏರಿನಲ್ಲಿ ‘ಪಿಕಪ್ ಇಲ್ಲ’ ಎನ್ನುವಾಗ ಎಂಜಿನ್ನಿನ ಸದ್ದಿಗೆ ಕಿವಿಗೊಡಿ. ಎಂಜಿನ್ ಜೋರಾಗಿ ಮೊರೆಯುತ್ತಿದ್ದರೂ ಕಾರು ವೇಗ ಹಿಡಿಯದಿದ್ದರೆ ಕ್ಲಚ್ ಜಾರುತ್ತಿದೆ. ಎಂಜಿನ್ನಿನ ವೇಗವೇ ಏರದೆ ಉಸಿರುಗಟ್ಟಿದರೆ ಅದು ಎಂಜಿನ್ನಿನ ತಡವರಿಕೆ. ಎರಡೂ ಇಲ್ಲದೆ ಕಾರು ಭಾರವಾಗಿದ್ದರೆ ನಾಲ್ಕೂ ಚಕ್ರಗಳನ್ನು ಒಂದೊಂದಾಗಿ ಎತ್ತಿ ಕೈಯಿಂದ ತಿರುಗಿಸಿ, ಬ್ರೇಕ್ ಹಿಡಿದುಕೊಂಡಿದೆಯೇ ಎಂದು ನೋಡಬೇಕು.

ಎಂಜಿನ್ನಿನ ತಡವರಿಕೆ

2000ನೇ ಇಸವಿಯ ಆಸುಪಾಸಿನಲ್ಲಿ ಮಾರುತಿ 800ಕ್ಕೆ ಎಂಪಿಎಫ್‌ಐ (ಕಾರ್ಬುರೇಟರಿನ ಬದಲು ಪ್ರತಿ ಸಿಲಿಂಡರಿಗೂ ಪೆಟ್ರೋಲ್ ಚಿಮುಕಿಸುವ ವ್ಯವಸ್ಥೆ) ಬಂತು. ಅದಕ್ಕೂ ಹಿಂದಿನವು ಕಾರ್ಬುರೇಟರ್ ಕಾರುಗಳು. ಎಂಪಿಎಫ್‌ಐ ಕಾರಿನಲ್ಲಿ ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್ ಮತ್ತು ಪ್ಲಗ್ ನೋಡಿಯೂ ದೋಷ ಉಳಿದರೆ, ಎಂಜಿನ್ ದೀಪದ ಕೋಡ್ ಓದಿಸಿ, ಥ್ರಾಟಲ್ ಸೆನ್ಸರ್ ಮತ್ತು ಪೆಟ್ರೋಲ್ ಪಂಪಿನ ಒತ್ತಡವನ್ನು ಪರೀಕ್ಷಿಸಲು ಬಲ್ಲ ಕಡೆಗೆ ಒಯ್ಯುವುದೇ ಸರಿ. ಮುಂದಿನ ಮಾತೆಲ್ಲ ಮುಖ್ಯವಾಗಿ ಕಾರ್ಬುರೇಟರ್ ಎಂಜಿನ್ನಿಗೆ ಸಂಬಂಧಿಸಿದ್ದು.

ಕಾರ್ಬುರೇಟರಿನ ಸ್ಕ್ರೂಗಳಿಗೆ ಕೈಹಾಕುವುದು ಕೊನೆಯ ಕೆಲಸವಾಗಬೇಕು, ಮೊದಲನೆಯದಲ್ಲ. ಕಿಡಿಯ ದೋಷವಿರುವಾಗ ಮಿಕ್ಸ್ಚರ್ (ಪೆಟ್ರೋಲ್-ಗಾಳಿಯ ಪ್ರಮಾಣ ಹೊಂದಿಸುವ) ಸ್ಕ್ರೂ ತಿರುಗಿಸಿದರೆ ಒಂದರ ಬದಲು ಎರಡು ದೋಷಗಳಾಗುತ್ತವೆ. ಮೂರೂ ಪ್ಲಗ್‌ಗಳ ತಂತಿಗಳಿಗೆ ಗುರುತುಹಾಕಿ, ಪ್ಲಗ್ ಬಿಚ್ಚಿ ಸಾಲಾಗಿಡಿ. ತಿಳಿ ಕಂದು ಬಣ್ಣವಿದ್ದರೆ ಉರಿ ಸರಿಯಾಗಿದೆ. ಒಣ ಕಪ್ಪು ಮಸಿ ಪೆಟ್ರೋಲ್ ಹೆಚ್ಚಾದುದರ, ಬೆಳ್ಳಗೆ ಸುಟ್ಟ ತುದಿ ಪೆಟ್ರೋಲ್ ಕಡಿಮೆಯಾದುದರ, ಒದ್ದೆ ಎಣ್ಣೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದುದರ ಗುರುತು. ಮೂರರಲ್ಲಿ ಒಂದು ಮಾತ್ರ ಬೇರೆಯಾಗಿದ್ದರೆ ಕಾರಣವೂ ಆ ಸಿಲಿಂಡರಿನದೇ ಆಗಿರುತ್ತದೆ, ಕಾರ್ಬುರೇಟರಿನದಲ್ಲ. ಪ್ಲಗ್ ಗ್ಯಾಪ್ 0.7ರಿಂದ 0.8 ಮಿಲಿಮೀಟರ್ ಇರಲಿ. ಕಿಡಿ ಹುಟ್ಟಿಸಲು ತೆರೆದು ಮುಚ್ಚುವ ಪಾಯಿಂಟ್ ಇರುವ ಹಳೆಯ ಕಾರುಗಳಲ್ಲಿ, ಪಾಯಿಂಟ್ ಪೂರ್ತಿ ತೆರೆದಾಗ 0.4ರಿಂದ 0.5 ಮಿಲಿಮೀಟರ್ ಅಂತರವಿರಬೇಕು. ಮೆಕ್ಯಾನಿಕ್‌ಗಳು ಡೆಲ್ಕೋ ಎನ್ನುವ, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ತೆಗೆದು ಒಳಗೆ ಕೂದಲೆಳೆಯಷ್ಟು ಬಿರುಕಿದೆಯೇ ನೋಡಿ. ಮಳೆಗಾಲದ ಬೆಳಿಗ್ಗೆ ಮಾತ್ರ ಮಿಸ್ಸಿಂಗ್ ಕೊಡುವ ಕಾರಿನಲ್ಲಿ ಈ ಬಿರುಕಿನಲ್ಲಿ ಕೂತ ತೇವವೋ, ಹಳೆಯ ಪ್ಲಗ್ ತಂತಿಗಳೋ ಕಾರಣವಾಗಿರುತ್ತವೆ. ರಾತ್ರಿ ಕತ್ತಲಲ್ಲಿ ಎಂಜಿನ್ ಓಡಿಸಿ ಬಾನೆಟ್ ಎತ್ತಿದರೆ ಸೋರುವ ತಂತಿಯ ಮೇಲೆ ನೀಲಿ ಕಿಡಿ ಕಣ್ಣಿಗೇ ಕಾಣುತ್ತದೆ. ಆಗ ಯಾವುದನ್ನೂ ಮುಟ್ಟಬಾರದು.

ಡೆಲ್ಕೋದ ಬದಿಯಲ್ಲಿರುವ, ಅಗತ್ಯವಿದ್ದಾಗ ಕಿಡಿ ಬೇಗ ಹಾರುವಂತೆ ಮಾಡುವ ವ್ಯಾಕ್ಯೂಮ್ ಅಡ್ವಾನ್ಸ್ ಡಬ್ಬಿಯನ್ನು ಬಹಳ ಮಂದಿ ಮರೆಯುತ್ತಾರೆ. ಎಂಜಿನ್ ನಿಲ್ಲಿಸಿ, ಅದರ ಕೊಳವೆಯನ್ನು ಕಾರ್ಬುರೇಟರ್ ಕಡೆಯಿಂದ ಬಿಚ್ಚಿ, ಗಾಳಿಯನ್ನು ಎಳೆದು ಹಿಡಿದಾಗ ಒಳಗಿನ ತಟ್ಟೆ ತಿರುಗಿ ಹಾಗೆಯೇ ನಿಲ್ಲಬೇಕು. ನಿಲ್ಲದಿದ್ದರೆ ಡಯಾಫ್ರಮ್ (ಒಳಗಿನ ರಬ್ಬರ್ ಪೊರೆ) ಹರಿದಿದೆ. ಅರ್ಧ ಆಕ್ಸಿಲರೇಟರಿನಲ್ಲಿ ಸಪ್ಪೆಯಾಗಿ ಓಡುವ, ಪೆಟ್ರೋಲ್ ಹೆಚ್ಚು ಕುಡಿಯುವ ಕಾರಿಗೆ ಇದೊಂದೇ ಕಾರಣವಿರಬಹುದು.

ನಿಂತಲ್ಲಿಂದ ಹೊರಡುವಾಗ ಮಾತ್ರ ಎಂಜಿನ್ ಮುಗ್ಗರಿಸಿ ಆಮೇಲೆ ಸರಿಯಾಗುವುದಾದರೆ ಆಕ್ಸಿಲರೇಟರ್ ಪಂಪನ್ನು (ಆಕ್ಸಿಲರೇಟರ್ ಒತ್ತಿದಾಗ ಹೆಚ್ಚುವರಿ ಪೆಟ್ರೋಲ್ ಚಿಮ್ಮಿಸುವ ಕಾರ್ಬುರೇಟರಿನ ಭಾಗ) ನೋಡಬೇಕು. ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ ಏರ್ ಫಿಲ್ಟರ್ ತೆಗೆದು, ಕಾರ್ಬುರೇಟರಿನ ಬಾಯಿಯೊಳಗೆ ನೋಡುತ್ತ ಥ್ರಾಟಲ್ಲನ್ನು ಕೈಯಿಂದ ಎಳೆಯಿರಿ. ಎಳೆದ ಕ್ಷಣವೇ ಪೆಟ್ರೋಲಿನ ಸಣ್ಣ ಚಿಲುಮೆ ಚಿಮ್ಮಬೇಕು. ತಡವಾಗಿ ಬಂದರೆ ಅಥವಾ ಬರೀ ತೊಟ್ಟಿಕ್ಕಿದರೆ ಪಂಪಿನ ಡಯಾಫ್ರಮ್ ಗಟ್ಟಿಯಾಗಿದೆ, ಇಲ್ಲವೇ ನಳಿಕೆ ಕಟ್ಟಿದೆ. ಇದಕ್ಕೆ ರಿಪೇರಿ ಕಿಟ್ ಸಾಕು, ಇಡೀ ಕಾರ್ಬುರೇಟರ್ ಬದಲಿಸಬೇಕಾಗಿಲ್ಲ. ಹೊರಡುವಾಗ ಚೆನ್ನಾಗಿದ್ದು, ವೇಗದಲ್ಲಿ ಅಥವಾ ಉದ್ದನೆಯ ಏರಿನಲ್ಲಿ ಎಂಜಿನ್ ಸೊರಗಿದರೆ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ. ಫಿಲ್ಟರ್, ಪೆಟ್ರೋಲ್ ಪಂಪಿನ ಡಯಾಫ್ರಮ್, ಟ್ಯಾಂಕಿನ ಗಾಳಿಕಿಂಡಿ, ಕಾರ್ಬುರೇಟರಿನ ಮೇನ್ ಜೆಟ್ (ಪೆಟ್ರೋಲ್ ಹಾದುಬರುವ ಸಣ್ಣ ರಂಧ್ರ), ಈ ಕ್ರಮದಲ್ಲಿ ನೋಡುತ್ತ ಹೋಗಬೇಕು. ಬೇಸಿಗೆಯಲ್ಲಿ ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಹತ್ತುವಾಗ ನಿಂತು, ತಣ್ಣಗಾದ ಮೇಲೆ ತಾನೇ ಸರಿಹೋಗುವ ಕಾರಿನಲ್ಲಿ ಪೆಟ್ರೋಲ್ ಕೊಳವೆಯಲ್ಲೇ ಆವಿಯಾಗುತ್ತಿರುತ್ತದೆ. ಕೊಳವೆ ಸೈಲೆನ್ಸರಿಗೆ ಹತ್ತಿರವಾಗಿ ಹಾದುಹೋಗಿದೆಯೇ ನೋಡಿ ದೂರ ಸರಿಸಿ ಕಟ್ಟಬೇಕು.

ಈಚಿನ ವರ್ಷಗಳಲ್ಲಿ ಈ ದೋಷಗಳು ಹೆಚ್ಚಲು ಇಂಧನವೂ ಒಂದು ಕಾರಣವಾಗುತ್ತದೆ. ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಲಾಯಿತು. ಒಂದು ಕಿಲೋ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾದರೆ ಎಥನಾಲಿಗೆ ಸುಮಾರು 9 ಕಿಲೋ ಸಾಕು. ಹಳೆಯ ಕಾರ್ಬುರೇಟರಿಗೆ ಇದು ತಿಳಿಯದು. ಅದು ಹಿಂದಿನ ಅಳತೆಯಲ್ಲೇ ಬೆರೆಸುವುದರಿಂದ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ, ಮೊದಲೇ ಸ್ವಲ್ಪ ದುರ್ಬಲವಾಗಿದ್ದ ಎಂಜಿನ್ ತಡವರಿಸತೊಡಗುತ್ತದೆ. ಎಥನಾಲ್ ನೀರನ್ನು ಹೀರುತ್ತದೆ, ಟ್ಯಾಂಕಿನ ಹಳೆಯ ಜಿಡ್ಡನ್ನು ಸಡಿಲಿಸಿ ಫಿಲ್ಟರಿಗೆ ತರುತ್ತದೆ, ಆ ಕಾಲದ ರಬ್ಬರನ್ನು ಮೆತ್ತಗಾಗಿಸಬಹುದು. ಹಾಗಾಗಿ ಪೆಟ್ರೋಲ್ ಕೊಳವೆಗಳನ್ನೆಲ್ಲ ಎಥನಾಲ್ ತಡೆಯುವ ಹೊಸವುಗಳಿಗೆ ಬದಲಿಸುವುದನ್ನು ನಾನು ಯಾವ ಹಿಂಜರಿಕೆಯೂ ಇಲ್ಲದೆ ಸೂಚಿಸುತ್ತೇನೆ. ಸೋರುವ ಕೊಳವೆ ಬೆಂಕಿಗೆ ದಾರಿ. ತಿಂಗಳುಗಟ್ಟಲೆ ನಿಲ್ಲುವ ಕಾರಿನಲ್ಲಿ ಹಳೆಯ ಪೆಟ್ರೋಲ್ ಉಳಿಸಬಾರದು.

ಎಮಿಷನ್ ಟೆಸ್ಟಿನ ಚೀಟಿಯನ್ನು ಪೊಲೀಸರಿಗೆ ತೋರಿಸಿ ಮಡಚಿಡುವ ಬದಲು ಓದಿ ನೋಡಿ. ಕಾರ್ಬನ್ ಮಾನಾಕ್ಸೈಡ್ ಪ್ರಮಾಣ ಹೆಚ್ಚಿದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ: ಚೋಕ್, ಫ್ಲೋಟ್ ಮಟ್ಟ, ಏರ್ ಫಿಲ್ಟರ್ ನೋಡಿ. ಅದು ಕಡಿಮೆಯಿದ್ದು ಹೈಡ್ರೋಕಾರ್ಬನ್ ಮಾತ್ರ ಹೆಚ್ಚಿದ್ದರೆ ಪೆಟ್ರೋಲ್ ಉರಿಯದೆ ಹೊರಹೋಗುತ್ತಿದೆ: ಕಿಡಿ ತಪ್ಪುತ್ತಿದೆ ಅಥವಾ ಗಾಳಿ ಸೋರುತ್ತಿದೆ. ಇವೆಲ್ಲ ಸರಿಯಿದ್ದೂ ಎಂಜಿನ್ ಸಪ್ಪೆಯಾಗಿದ್ದರೆ ಟ್ಯಾಪೆಟ್ (ವಾಲ್ವ್) ಅಂತರ, ಟೈಮಿಂಗ್ ಬೆಲ್ಟಿನ ಗುರುತು ಮತ್ತು ಕಂಪ್ರೆಷನ್, ಈ ಮೂರನ್ನೂ ಗ್ಯಾರೇಜಿನಲ್ಲಿ ಅಳೆಸಬೇಕು.

ಗೇರ್ ಬಾಕ್ಸ್ ಇಳಿಸಲೇಬೇಕಾದಾಗ

ಪರೀಕ್ಷೆಗಳೆಲ್ಲ ಸಿಂಕ್ರೋ ಕಡೆಗೇ ಬೆರಳು ತೋರಿಸಿದರೆ, ‘ಗೇರ್ ಸದ್ದು’ ಎಂದಷ್ಟೇ ಹೇಳದೆ, ‘ಎಂಜಿನ್ ಬಿಸಿಯಾದಾಗ ಮೂರರಿಂದ ಎರಡಕ್ಕೆ ಇಳಿಸುವಾಗ ಮಾತ್ರ ಬರುತ್ತದೆ, ಡಬಲ್ ಕ್ಲಚ್ ಮಾಡಿದರೆ ಬರುವುದಿಲ್ಲ, ರಿವರ್ಸ್ ಸಲೀಸಾಗಿ ಬೀಳುತ್ತದೆ’ ಎಂದು ಮೆಕ್ಯಾನಿಕ್ಕಿಗೆ ಬರೆದುಕೊಡಿ. ಒಮ್ಮೆ ಇಳಿಸಿದ ಮೇಲೆ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮತ್ತು ಸೀಲ್‌ಗಳನ್ನೂ ನೋಡಿಸಬೇಕು. ಅರ್ಧ ಸವೆದಿದ್ದರೂ ಬದಲಿಸುವುದು ಲಾಭವೇ, ಏಕೆಂದರೆ ಇಳಿಸಿ ಏರಿಸುವ ಕೂಲಿಯೇ ಈ ಕೆಲಸದ ದೊಡ್ಡ ಖರ್ಚು. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಕಡೆ ಬಿಡಿಭಾಗ ಕೊಳ್ಳುವವರು ಹಳೆಯ ಭಾಗವನ್ನು ಜೊತೆಗೊಯ್ದು, ಸ್ಪ್ಲೈನ್ ಹಲ್ಲು ಮತ್ತು ವ್ಯಾಸವನ್ನು ಅಂಗಡಿಯಲ್ಲೇ ಹೋಲಿಸಬೇಕು. ಸಿಂಕ್ರೋ ರಿಂಗ್ ನಿಜವಾಗಿ ಸವೆದಿದೆಯೇ ಎಂದು ತಿಳಿಯಲು ಅದನ್ನು ಗೇರಿನ ಕೋನಿನ ಮೇಲೆ ಕೈಯಿಂದ ಒತ್ತಿ ಹಿಡಿದು, ರಿಂಗಿನ ಹಲ್ಲಿಗೂ ಗೇರಿನ ಹಲ್ಲಿಗೂ ನಡುವಿನ ಅಂತರಕ್ಕೆ ಫೀಲರ್ ಗೇಜ್ (ಅಂತರ ಅಳೆಯುವ ತೆಳು ತಗಡು) ತೂರಿಸಿ ತೋರಿಸಲು ಕೇಳಿ; ಅನಂತರ ಹೊಸ ರಿಂಗನ್ನು ಅದೇ ಕೋನಿನ ಮೇಲಿಟ್ಟು ಮತ್ತೊಮ್ಮೆ ಅಳೆಸಿ. ಎರಡು ಅಳತೆಗಳೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ರಿಂಗ್ ಸವೆದಿಲ್ಲ, ಸವೆದಿರುವುದು ಗೇರಿನ ಕೋನ್ ಅಥವಾ ಗೇರನ್ನು ಶಾಫ್ಟಿಗೆ ಸೇರಿಸುವ ಸ್ಲೀವ್, ಮತ್ತು ಹೊಸ ರಿಂಗ್ ಒಂದನ್ನೇ ಹಾಕಿ ಮುಚ್ಚಿದರೆ ಸದ್ದು ಮತ್ತೆ ಬರುತ್ತದೆ.